ಒಂದೇ ಆಟದ ಬಿಳಿ ಡಬ್ಬಿ

ನನ್ನ ಎಡಗೈ ಹೆಬ್ಬೆರಳಿಗೆ ಒಂದು ಚಟವಿದೆ. ನಾನು ಸುಮ್ಮನೆ ಕೂತಾಗ ಅದು ಸುಮ್ಮನಿರುವುದಿಲ್ಲ. ಬಸ್ಸಿನ ಕಿಟಕಿಯ ಪಕ್ಕ ಕೂತಿರಲಿ, ಕುಷ್ಟಗಿಯ ನನ್ನ ಪೈಪಿನ ಅಂಗಡಿಯಲ್ಲಿ ಗಿರಾಕಿಯ ದಾರಿ ಕಾಯುತ್ತಿರಲಿ, ತೋರುಬೆರಳಿನ ಪಕ್ಕವನ್ನು ಒತ್ತಿ, ಬಿಟ್ಟು, ಎರಡು ಸಲ ಬೇಗ, ಒಂದು ಸಲ ತಡೆದು, ತನ್ನ ಪಾಡಿಗೆ ತಾನು ಏನನ್ನೋ ನಡೆಸುತ್ತಿರುತ್ತದೆ. ದಾಳಿಂಬೆ ತೋಟದ ರೈತರೊಬ್ಬರು ಇದನ್ನು ನೋಡಿ, “ಜಪಾ ಮಾಡಾಕತ್ತೀರೇನ್ರಿ ಸಾವ್ಕಾರ್ರ?” ಎಂದು ಭಕ್ತಿಯಿಂದ ಕೇಳಿದ್ದರು. ನಾನು ಹೂಂ ಎಂದೆ. ಜಪ ಮಾಡುವ ವ್ಯಾಪಾರಿಯ ಪೈಪು ಸೋರುವುದಿಲ್ಲ ಎಂಬ ನಂಬಿಕೆ ಅವರಲ್ಲಿ ಹುಟ್ಟುವುದಾದರೆ ನಾನೇಕೆ ಅಡ್ಡ ಬರಲಿ? ನನ್ನ ಹೆಂಡತಿಗೆ ಅಂಥ ಭಕ್ತಿಯಿಲ್ಲ. “ನಿಮ್ಮ ಹೆಬ್ಬೆಟ್ಟಿಗೆ ಏನರ ಹಿಡದೈತ್ರಿ. ಯಾರಿಗರ ತೋರಸ್ರಿ,” ಅನ್ನುತ್ತಾಳೆ.

ಹಿಡಿದದ್ದು ದೆವ್ವವಲ್ಲ, ಒಂದು ಆಟ. ಹತ್ತು ಹನ್ನೆರಡು ವರ್ಷದ ಹಿಂದೆ ಗಂಗಾವತಿಯಲ್ಲಿ ಇನ್ನೊಬ್ಬನ ಜೊತೆ ಕೂತು ಆಡುತ್ತಿದ್ದ ಆಟ. ಆ ಇನ್ನೊಬ್ಬನ ಸುದ್ದಿ ಹೇಳಬೇಕೆಂದು ಕೂತಿದ್ದೇನೆ. ಹೇಳುವಾಗ ನನ್ನ ಮಾನ ಸ್ವಲ್ಪ ಹೋಗುತ್ತದೆ. ಹೋಗಲಿ, ಬಹಳ ದಿನದಿಂದ ಇಟ್ಟುಕೊಂಡದ್ದೇನೂ ಅಷ್ಟು ಗಟ್ಟಿ ಮಾಲಲ್ಲ.

ಆಟದಲ್ಲಿ ನಾನು ಮೊದಲಿನಿಂದಲೂ ದಡ್ಡ. ಸಣ್ಣವನಿದ್ದಾಗ ಹುಣ್ಣಿಮೆಗೊಮ್ಮೆ ಅವ್ವ ಹುಲಿಗಿಗೆ ಕರೆದುಕೊಂಡು ಹೋಗುತ್ತಿದ್ದಳು. ಹುಲಿಗೆಮ್ಮನ ಹತ್ತಿರ ಅವಳು ಏನು ಬೇಡಿಕೊಳ್ಳುತ್ತಿದ್ದಳೋ ಗೊತ್ತಿಲ್ಲ. ನನಗೆ ಬೇಕಾದದ್ದು ಗುಡಿಯ ದಾರಿಯ ಅಂಗಡಿ ಸಾಲಿನಲ್ಲೇ ಇತ್ತು. ಒಳಗೆ ನೀರು ತುಂಬಿದ ಪ್ಲಾಸ್ಟಿಕ್ಕಿನ ಆಟಿಕೆ; ಗುಂಡಿ ಒತ್ತಿದರೆ ಬಣ್ಣದ ಪುಟ್ಟ ಬಳೆಗಳು ತೇಲಿ ಮೇಲೆದ್ದು ಕಡ್ಡಿಯ ಮೇಲೆ ಬೀಳಬೇಕು. ನಿಮ್ಮ ಮನೆಯಲ್ಲೂ ಒಂದು ಇದ್ದೀತು, ನೆನಪು ಮಾಡಿಕೊಳ್ಳಿ. ಹುಲಿಗಿಯಿಂದ ಕುಷ್ಟಗಿ ಮುಟ್ಟುವತನಕ ಒತ್ತಿದರೂ ನನ್ನವು ಎರಡಕ್ಕಿಂತ ಹೆಚ್ಚು ಬಿದ್ದದ್ದಿಲ್ಲ. ಮನೆಗೆ ಬಂದಮೇಲೆ ನಾನು ಆಟಿಕೆಯನ್ನೇ ತಲೆಕೆಳಗು ಮಾಡಿ, ಅಲುಗಾಡಿಸಿ, ಬಳೆಗಳೆಲ್ಲ ಕಡ್ಡಿಗೆ ಸಿಕ್ಕಿಕೊಂಡ ಮೇಲೆ ಅಪ್ಪನಿಗೆ ತೋರಿಸುತ್ತಿದ್ದೆ. “ಭೇಷ್,” ಅನ್ನುತ್ತಿದ್ದ ಅಪ್ಪ. ಅಪ್ಪ ಬೇಳೆ ವ್ಯಾಪಾರಿ. ತೂಕದಲ್ಲಿ ಮೋಸ ಹಿಡಿಯುವುದರಲ್ಲಿ ಪಳಗಿದವನು, ಮಗನ ಆಟದಲ್ಲಿ ಹಿಡಿಯಲಿಲ್ಲ.

ಖಾಜಾ ಸಿಕ್ಕಿದ್ದು ಕೊಪ್ಪಳದ ಐಟಿಐಯಲ್ಲಿ. ಗಂಗಾವತಿಯವನು. ಅಪ್ಪ ದರ್ಜಿ, ನಾವು ಎರಡನೇ ವರ್ಷದಲ್ಲಿದ್ದಾಗ ತೀರಿಕೊಂಡರು. ನಾವಿಬ್ಬರೂ ಎಲೆಕ್ಟ್ರಾನಿಕ್ಸ್ ಕಲಿಯಲು ಸೇರಿದ್ದೆವು ಅನ್ನುವುದು ಕಾಗದದ ಮೇಲಿನ ಸತ್ಯ. ಕಲಿತವನು ಅವನೊಬ್ಬನೇ. ನಾನು ಬೆಸುಗೆ ಹಾಕಿದರೆ ಬೋರ್ಡಿಗಿಂತ ನನ್ನ ಅಂಗಿಗೇ ಹೆಚ್ಚು ಸೀಸ ಮೆತ್ತಿರುತ್ತಿತ್ತು. ಅವನು ಕೆಟ್ಟ ರೇಡಿಯೋದ ಮೇಲೆ ಕೈಯಿಟ್ಟು, ನಾಡಿ ಹಿಡಿದ ಹಾಗೆ ಸ್ವಲ್ಪ ಹೊತ್ತು ಸುಮ್ಮನಿದ್ದು, ಬೇಕಾದ ಜಾಗಕ್ಕೇ ಕೈ ಹಾಕುತ್ತಿದ್ದ. ಪರೀಕ್ಷೆಯಲ್ಲಿ ನನ್ನ ಬೋರ್ಡನ್ನೂ ಅವನೇ ಸದ್ದಿಲ್ಲದೆ ಮುಗಿಸಿಕೊಟ್ಟ. ಹಾಗಾಗಿ ನಾನೂ ಪಾಸು.

ಓದು ಮುಗಿದ ಮೇಲೆ ಒಂದು ದಿನ ಅವನಿಂದ ಫೋನು ಬಂತು.

“ಲೇ ಚನ್ನು, ಹೈದರಾಬಾದಿಗೆ ಬಂದೀನಿ. ಹಳೇ ಸಾಮಾನಿನ ಪ್ಯಾಟ್ಯಾಗ ಆಟದ ಡಬ್ಬಿ ಸಿಕ್ಕಾವು, ಕನ್ಸೋಲ್. ಬಿಳೇವು, ಮಲ್ಲಿಗಿ ಹಂಗ ಅದಾವ. ಭಾಳ ಸೋವಿ.”

“ಯಾಕ ಸೋವಿ?”

“ಯಾರೂ ತಗೊಳ್ಳವಲ್ರು, ಅದಕ.”

ಈ ಉತ್ತರ ಕೇಳಿದ ಮೇಲೂ ನಾನು ಅದರಲ್ಲಿ ಪಾಲುದಾರನಾದೆ ಎಂದರೆ ನನ್ನ ವ್ಯಾಪಾರದ ಬುದ್ಧಿ ನಿಮಗೆ ತಿಳಿಯಬೇಕು.

ಖಾಜಾನ ಅಪ್ಪನ ದರ್ಜಿ ಅಂಗಡಿ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ಖಾಲಿ ಬಿದ್ದಿತ್ತು. ಅದಕ್ಕೆ ಸುಣ್ಣ ಬಳಿದು, ಹಳೆಯ ಎರಡು ಟಿವಿ ಇಟ್ಟು, ಬಿಳಿ ಡಬ್ಬಿಗಳನ್ನು ಜೋಡಿಸಿದೆವು. ಬಟ್ಟೆ ಕತ್ತರಿಸುವ ಉದ್ದನೆಯ ಮೇಜೇ ನಮ್ಮ ಗಲ್ಲಾ. ನಾನು ಮ್ಯಾನೇಜರ್. ಮ್ಯಾನೇಜರ್ ಎಂದರೆ ಫ್ಯಾನಿನ ಕೆಳಗೆ ಕೂರುವವನು.

ಯಾರೂ ಬರಲಿಲ್ಲ. ಎದುರಿಗೇ ಇನ್ನೊಂದು ಆಟದ ಅಂಗಡಿ ಇತ್ತು, ಅಲ್ಲಿ ಲೋಕವೆಲ್ಲ ಒಪ್ಪಿಕೊಂಡ ಕಂಪನಿಯ ಕರಿ ಡಬ್ಬಿಗಳು. ಜನ ಕೇಳುತ್ತಿದ್ದದ್ದು ಕ್ರಿಕೆಟ್, ಕಾರು, ಬಂದೂಕು. ನಮ್ಮ ಡಬ್ಬಿಗೆ ಕ್ರಿಕೆಟ್ ಇರಲೇ ಇಲ್ಲ. ಕಾರು ಇತ್ತು, ಬಂಡಿಯ ಹಾಗೆ ಓಡುತ್ತಿತ್ತು. ಬಿಳಿ ಡಬ್ಬಿಯ ಕಂಪನಿ ಪೇಟೆಯಲ್ಲಿ ಸೋತುಹೋಗಿತ್ತು; ಸೋತವರಿಗೆ ಆಟ ಮಾಡಿಕೊಡಲು ಯಾರೂ ಮುಂದೆ ಬರುವುದಿಲ್ಲ, ಆಟವಿಲ್ಲವೆಂದು ಡಬ್ಬಿ ಕೊಳ್ಳಲು ಜನ ಬರುವುದಿಲ್ಲ. ಹಾಗೆ ಸೋಲೇ ಸೋಲನ್ನು ಸಾಕುತ್ತದೆ. ಖಾಜಾ ಬೇಸರ ಕಳೆಯಲು ಅಕ್ಕಪಕ್ಕದವರ ಮಿಕ್ಸರ್ ರಿಪೇರಿ ಮಾಡುತ್ತಿದ್ದ. ನಾನು ಎದುರಂಗಡಿಗೆ ಹೋಗುವವರನ್ನು ನೋಡಿ ನಿಟ್ಟುಸಿರು ಬಿಡುತ್ತಿದ್ದೆ.

ಹೈದರಾಬಾದಿನ ವ್ಯಾಪಾರಿ ಮುಂದಿನ ಸಲ ಸಾಮಾನು ಕಳಿಸಿದಾಗ ಡಬ್ಬದ ತಳದಲ್ಲಿ ಒಂದು ಡಿಸ್ಕ್ ಇಟ್ಟಿದ್ದ. ಮೇಲಿನ ಅಕ್ಷರ ಯಾವ ದೇಶದ್ದೋ, ನಮಗೆ ಓದಲು ಬರಲಿಲ್ಲ. ಹಾಕಿ ನೋಡಿದೆವು. ಒಂದು ಹೊಳೆ ತುಂಬಿ ಹರಿಯುತ್ತಿದೆ. ಒಂದು ದುಂಡನೆಯ ದೋಣಿ. ಇಬ್ಬರು ಆಡಬೇಕು: ಒಬ್ಬನದು ಎಡಗಡೆಯ ಹುಟ್ಟು, ಇನ್ನೊಬ್ಬನದು ಬಲಗಡೆಯದು. ಬಂಡೆ ತಪ್ಪಿಸುತ್ತ, ನಡುಗಡ್ಡೆಗಳ ಮೇಲೆ ಸಿಕ್ಕಿಬಿದ್ದ ಮುದುಕಿ, ಆಡು, ಬಾಣಂತಿ, ಎಲ್ಲರನ್ನೂ ಹತ್ತಿಸಿಕೊಂಡು ದಡ ಮುಟ್ಟಿಸಬೇಕು. ಇಬ್ಬರ ಕೈ ಒಂದೇ ಲಯಕ್ಕೆ ಬೀಳದಿದ್ದರೆ ದೋಣಿ ಇದ್ದಲ್ಲೇ ಗರಗರ ತಿರುಗಿ ಮುಳುಗುತ್ತದೆ. ಮೊದಲ ದಿನ ನಾವು ಮಧ್ಯಾಹ್ನದ ಊಟ ಮರೆತು ಮುಳುಗಿದೆವು.

ಅದನ್ನು ಗುರುತಿಸಿದವನು ಯಮನೂರಪ್ಪ. ಅಕ್ಕಿ ಗಿರಣಿಯ ಹಮಾಲ, ನಡುವಯಸ್ಸಿನವನು, ಹುಬ್ಬಿನ ಮೇಲೆ ಯಾವಾಗಲೂ ತೌಡು. ಮಿಕ್ಸರ್ ಒಯ್ಯಲು ಬಂದವನು ಟಿವಿ ನೋಡಿ ಬಾಗಿಲಲ್ಲೇ ನಿಂತ.

“ಏ ಏ, ಇದು ನಮ್ಮ ಹೊಳ್ಯಾಗಿನ ಹರಗೋಲರೀ! ನಮ್ಮಪ್ಪ ಹಾಕ್ತಿದ್ದ. ಹಂಗಲ್ರಿ, ನೀವು ಜಗ್ಗಾಡಾಕತ್ತೀರಿ. ನೀರಿನ ಮಾತು ಕೇಳ್ರಿ ಮೊದಲ!”

ಮಿಕ್ಸರನ್ನು ನೆಲದ ಮೇಲಿಟ್ಟು ಖಾಜಾನ ಪಕ್ಕ ಕೂತ. ಚೀಲ ಹೊತ್ತು ದಪ್ಪಗಾದ ಬೆರಳುಗಳು ಆ ಪುಟ್ಟ ಗುಂಡಿಗಳ ಮೇಲೆ ಎಷ್ಟು ಹಗುರವಾಗಿ ಆಡಿದವು ಎಂದರೆ ಮೂರನೇ ಸಲಕ್ಕೇ ಮುದುಕಿ, ಆಡು, ಬಾಣಂತಿ ಸಮೇತ ದಡ ಮುಟ್ಟಿದರು. ಮರುದಿನ ಊಟದ ಬಿಡುವಿನಲ್ಲಿ ಆರು ಮಂದಿ ಹಮಾಲರನ್ನು ಕರೆತಂದ. ಆ ವಾರವೇ ಎದುರಂಗಡಿಯ ಕಾಲೇಜು ಹುಡುಗರು ಒಬ್ಬೊಬ್ಬರಾಗಿ ಓಣಿ ದಾಟಿದರು. ಹುಡುಗಿಯರು ಬಂದರು. ಗಂಡ ಹೆಂಡತಿ ಬಂದರು. ಒಬ್ಬರಿಗೊಬ್ಬರು ಬೈದಾಡಿಕೊಂಡು, ಮುಳುಗಿ, ನಗುತ್ತ ಹೋದರು. ಕಾರಟಗಿ, ಕನಕಗಿರಿಯಿಂದ ಬಸ್ಸು ಹತ್ತಿ ಬರುವವರಾದರು. ಆಟದ ನಿಜವಾದ ಹೆಸರು ಯಾರಿಗೂ ಬೇಕಾಗಲಿಲ್ಲ. ‘ಹರಗೋಲ’ ಎಂದರೆ ಸಾಕು, ಬಸ್ ನಿಲ್ದಾಣದಲ್ಲಿ ಯಾರು ಬೇಕಾದರೂ ನಮ್ಮ ಅಂಗಡಿ ತೋರಿಸುತ್ತಿದ್ದರು.

ಎದುರಂಗಡಿಯವನು ಒಂದು ಮಧ್ಯಾಹ್ನ ತಾನೇ ಬಂದ. ಡಿಸ್ಕನ್ನು ಒಂದು ತಾಸಿಗೆ ಕೊಡಿ, ನಮ್ಮಲ್ಲಿ ಹಾಕಿ ನೋಡುತ್ತೇನೆ ಎಂದ. ನಾನು ಬಾಯಿ ತೆರೆಯುವ ಮೊದಲೇ ಖಾಜಾ ತೆಗೆದುಕೊಟ್ಟ.

“ಒಯ್ರಿ. ನಿಮ್ಮ ಡಬ್ಬಿ ಅದನ್ನ ನುಂಗಂಗಿಲ್ಲ. ಈ ಆಟ ಈ ಕಂಪನೀದ ಡಬ್ಬಿಗಷ್ಟ ಮಾಡ್ಯಾರ.”

ಅವನು ಒಯ್ದು, ಹಾಕಿ, ಡಬ್ಬಿ ಅದನ್ನು ಉಗುಳಿದ ಮೇಲೆ ತಂದುಕೊಟ್ಟ. ಆವತ್ತು ನಾನು ಓಣಿಯಲ್ಲಿ ನಡೆದ ಗತ್ತು ನೋಡಬೇಕಿತ್ತು, ಆಟ ನಾನೇ ಮಾಡಿದವನ ಹಾಗೆ! ಹೊರಗಿನ ದೊಡ್ಡ ಲೋಕದಲ್ಲೂ ಇದೇ ಆಗಿತ್ತು ಅಂತ ಫೋನಿನಲ್ಲಿ ಓದಿದೆ. ಮುಚ್ಚಲಿದ್ದ ಬಿಳಿ ಡಬ್ಬಿಯ ಕಂಪನಿ ಈ ಒಂದು ಆಟದ ಮೇಲೆ ಎದ್ದು ಕೂತಿತ್ತಂತೆ. ಜನ ಡಬ್ಬಿ ಬೇಕೆಂದು ಡಬ್ಬಿ ಕೊಳ್ಳುತ್ತಿರಲಿಲ್ಲ, ಹರಿಗೋಲು ಹತ್ತಲು ಬೇರೆ ದಾರಿಯಿಲ್ಲವೆಂದು ಕೊಳ್ಳುತ್ತಿದ್ದರು. ಎಲ್ಲಿಯೋ ಕಡಲಾಚೆ ಆ ಕಂಪನಿಯ ಒಡೆಯ, ಇಲ್ಲಿ ಗಂಗಾವತಿಯ ದರ್ಜಿ ಅಂಗಡಿಯಲ್ಲಿ ನಾನು, ಇಬ್ಬರೂ ಒಂದೇ ದೋಣಿಯ ಕೂಲಿ ತಿನ್ನುತ್ತಿದ್ದೆವು.

ಕುಷ್ಟಗಿಯಲ್ಲಿ ನಾನು ಸಣ್ಣವನಿದ್ದಾಗ ಒಂದು ಹೋಟೆಲಿತ್ತು. ಅಲ್ಲಿಯ ಚಹಾ ಕುಡಿಯುವ ಹಾಗಿರಲಿಲ್ಲ, ಇಡ್ಲಿ ಎಸೆದರೆ ನಾಯಿಗೆ ಪೆಟ್ಟಾಗುತ್ತಿತ್ತು, ಲೋಟಕ್ಕೆ ಮೀನಿನ ವಾಸನೆ, ಮೀನಂತೂ ಅಲ್ಲಿ ಬೇಯಿಸುತ್ತಲೇ ಇರಲಿಲ್ಲ. ಆದರೆ ಮಂಡಕ್ಕಿ ಒಗ್ಗರಣೆಯ ಜೊತೆ ಕೊಡುತ್ತಿದ್ದ ಮಿರ್ಚಿ ಇತ್ತಲ್ಲ! ಹೊರಗೆ ಗರಿ, ಒಳಗೆ ಹುಳಿ, ಮೂರನೆಯದು ತಿನ್ನುವಾಗ ಕಣ್ಣಲ್ಲಿ ನೀರು, ನಾಲ್ಕನೆಯದನ್ನು ಕೇಳುವಾಗ ಬಾಯಲ್ಲಿ ನೀರು. ಇಡೀ ಹೋಟೆಲು ಆ ಮಿರ್ಚಿಯ ಮೇಲೆ ನಿಂತಿತ್ತು. ಮಾಡುತ್ತಿದ್ದವಳು ಹಂಪಮ್ಮ ಎಂಬ ಹೆಂಗಸು. ಮಾಲೀಕ ಒಮ್ಮೆ ಗಿರಾಕಿಗಳೆದುರು ಅವಳಿಗೆ ಅಂದಾಡಿದ. ಅವಳು ಸೆರಗಿಗೆ ಕೈ ಒರೆಸಿಕೊಂಡು ಹೊರಟುಹೋದಳು. ಎರಡು ತಿಂಗಳಿಗೆ ಹೋಟೆಲು ಮುಚ್ಚಿತು. ಹಾಗೆ ಮುಚ್ಚಿದ ಬಾಗಿಲನ್ನು ನೋಡಿ ಬೆಳೆದವನು ನಾನು. ಏನು ಕಲಿತೆ ಅಂತ ಕೇಳಬೇಡಿ.

ಕಲಿತವನು ಮತ್ತೆ ಖಾಜಾನೇ.

“ಲೇ ಚನ್ನು, ಈ ಆಟ ನಮ್ಮದಲ್ಲ. ಅವರು ಮನಸ್ಸು ಮಾಡಿದ್ರ ನಾಳೆ ಎಲ್ಲಾ ಡಬ್ಬಿಗೂ ಕೊಡ್ತಾರ. ಇದು ನಡಿಯೂತನಕ ಬೋರ್ಡ್ ರಿಪೇರಿ ಕೆಲಸಾನೂ ಹಚ್ಚಿಕೊಳ್ಳೂಣು. ನಾ ಮಾಡ್ತೀನಿ, ನೀ ಗಿರಾಕಿ ನೋಡ್ಕೋ.”

“ಹೋಗಲೇ. ಮಂದಿ ಸಾಲು ಹಚ್ಚಿ ನಿಂತಾರ, ಈಗ ಸೀಸಾ ಕಾಸ್ಕೋಂತ ಕುಂದ್ರಂತೀಯೇನು? ಕೊಪ್ಪಳದಾಗ ಇನ್ನೊಂದು ಅಂಗಡಿ ಹಾಕೂಣು.”

ಇದ್ದದ್ದು ಒಂದೇ ಡಿಸ್ಕ್, ಇನ್ನೊಂದಕ್ಕೆ ಹೈದರಾಬಾದಿಗೆ ಹೇಳಿಟ್ಟರೂ ಬಂದಿರಲಿಲ್ಲ. ಖಾಜಾ ಅದನ್ನು ತನ್ನ ಅಪ್ಪನ ಅಂಗಡಿಯಲ್ಲಿ ಉಳಿದಿದ್ದ ಮೆತ್ತನೆಯ ಮಲಮಲ್ ತುಂಡಿನಲ್ಲಿ ಸುತ್ತಿಡುತ್ತಿದ್ದ. ಒಂದು ದಿನ ಡಬ್ಬಿ ಅದನ್ನು ಓದಲೊಲ್ಲೆ ಎಂದಿತು. ಅಂಗಡಿಯ ತುಂಬ ಜನ. ಖಾಜಾ ಡಿಸ್ಕನ್ನು ತೊಡೆಯ ಮೇಲಿಟ್ಟುಕೊಂಡು ಹಲ್ಲುಜ್ಜುವ ಪೇಸ್ಟು ಹಚ್ಚಿ ಒಳಗಿನಿಂದ ಹೊರಕ್ಕೆ, ಒಳಗಿನಿಂದ ಹೊರಕ್ಕೆ, ಕೂಸಿನ ಬೆನ್ನು ತಿಕ್ಕಿದ ಹಾಗೆ ತಿಕ್ಕುತ್ತ ಕೂತ. ಆಪರೇಷನ್ ಕೋಣೆಯ ಹೊರಗೆ ನಿಂತವರ ಹಾಗೆ ಎಲ್ಲರ ಬಾಯಿ ಬಂದ್. ಯಮನೂರಪ್ಪ ಕಣ್ಣು ಮುಚ್ಚಿ, “ತಾಯಿ ಹುಲಿಗೆವ್ವ, ಇದೊಂದ ಸಲ ನಡಿಸು, ಕಾಯಿ ಒಡಸ್ತೀನಿ,” ಎಂದ. ಹೊಳೆಯ ನೀರು ತೆರೆಯ ಮೇಲೆ ಬಂದಾಗ ಎದ್ದ ಕೂಗಿಗೆ ಬಸ್ ನಿಲ್ದಾಣದ ಪೊಲೀಸರು ಬಂದು ನೋಡಿಹೋದರು. ಯಮನೂರಪ್ಪ ನಿಜವಾಗಿಯೂ ಮುಂದಿನ ಮಂಗಳವಾರ ಹುಲಿಗಿಗೆ ಹೋಗಿ ಕಾಯಿ ಒಡೆಸಿ, ಹೋಳು ತಂದು ಎಲ್ಲರಿಗೂ ಹಂಚಿದ. ಡಬ್ಬಿಯ ಮೇಲೂ ಒಂದು ಚೂರು ಇಟ್ಟ.

ಹೀಗೆ ಎರಡು ವರ್ಷ ನಡೆಯಿತು. ಅಷ್ಟರಲ್ಲಿ ತಳಕಲ್ಲಿನಲ್ಲಿ ನನ್ನ ಸೋದರಮಾವನ ಬಸುರಿ ಮಗಳ ಕುಬಸ, ಅಂದರೆ ಸೀಮಂತ, ಬಂತು. ಊಟ ಮುಗಿಸಿ ಬೇವಿನ ಮರದ ಕೆಳಗೆ ಕುರ್ಚಿ ಹಾಕಿಕೊಂಡು ಫೋನು ನೋಡುತ್ತಿದ್ದೆ. ಬಿಳಿ ಡಬ್ಬಿಯ ಕಂಪನಿ ಇನ್ನು ಡಬ್ಬಿ ಮಾಡುವುದಿಲ್ಲವೆಂದೂ, ಹರಿಗೋಲಿನ ಆಟವನ್ನು ಎರಡು ತಿಂಗಳಲ್ಲಿ ಬೇರೆ ಎಲ್ಲ ಕಂಪನಿಗಳ ಡಬ್ಬಿಗೂ ಬಿಡುತ್ತದೆಂದೂ ಸುದ್ದಿ ಇತ್ತು. ಎರಡು ಸಲ ಓದಿದೆ.

ಮೊದಲು ಮಾಡಿದ ಕೆಲಸವೆಂದರೆ ಖಾಜಾನಿಗೆ ಫೋನು ಹಚ್ಚಿದ್ದು. ಇದನ್ನು ಹೇಳಿಕೊಳ್ಳದಿದ್ದರೆ ನನ್ನ ಪರವಾಗಿ ಹೇಳಲು ಏನೂ ಉಳಿಯುವುದಿಲ್ಲ. ಎರಡು ಸಲ ಗಂಟೆ ಹೊಡೆಯಿತು. ಅಷ್ಟರಲ್ಲಿ ಮಾವ ಎಲೆ ಅಡಿಕೆ ಹಾಕಿಕೊಳ್ಳುತ್ತ ಪಕ್ಕಕ್ಕೆ ಬಂದು ಕೂತರು.

“ಚನ್ನಪ್ಪಾ, ಹನಿ ನೀರಾವರಿ ಪೈಪಿಂದು ಏಜೆನ್ಸಿ ಬಂದೈತಿ ನೋಡು, ಕುಷ್ಟಗಿಗೆ. ದಾಳಿಂಬ್ರಿ ತ್ವಾಟ ದಿನಾ ಏಳಾಕತ್ತಾವ. ಬಂಡವಾಳ ಹಾಕಾಂವ ಇದ್ರ ಹೇಳು, ಈ ತಿಂಗಳದಾಗ ಆಗಬೇಕು.”

ನಾನು ಫೋನು ಕತ್ತರಿಸಿದೆ. ಮರುಕ್ಷಣ ಅವನೇ ತಿರುಗಿ ಮಾಡಿದ. “ಯಾಕಲೇ, ಫೋನ್ ಮಾಡಿದ್ದಿ?”

“ಏನಿಲ್ಲ, ಕೈ ತಾಕಿ ಹೋತು.”

ಮೊದಲ ಸುಳ್ಳು ಇಷ್ಟೇ ಇಷ್ಟು ಇರುತ್ತದೆ. ಅದರ ಬೆನ್ನು ಹಿಡಿದು ಬರುವುದಕ್ಕೆ ಜಾಗ ಮಾಡಿಕೊಡುತ್ತದೆ ಅಷ್ಟೇ.

ಮೂರನೇ ದಿನ ಗಂಗಾವತಿಗೆ ಹೋದೆ. ಬೆಳಗಿನ ಹೊತ್ತು, ಗಿರಾಕಿಗಳು ಬಂದಿರಲಿಲ್ಲ. ಖಾಜಾ ಡಿಸ್ಕು ಒರೆಸುತ್ತಿದ್ದ.

“ಖಾಜಾ, ಅಪ್ಪಗ ಆರಾಮಿಲ್ಲ. ಎದಿ ನೋವು ಅಂತಾನ. ಇನ್ಮ್ಯಾಲೆ ಬ್ಯಾಳಿ ಅಂಗಡಿ ನಾನ ನೋಡ್ಬೇಕು. ನನ್ನ ಪಾಲು ನೀನ ತಗೊಂಡುಬಿಡು.”

ಅವನ ಕೈ ನಿಂತಿತು. “ಡಾಕ್ಟರಿಗೆ ತೋರಿಸಿದ್ರೇನು?”

“ಹೂಂ.”

“ಏನಂದ್ರು?”

“ಭಾರ ಎತ್ತಬಾರ್ದು ಅಂದ್ರು.”

ಅವನು ನನ್ನ ಮುಖವನ್ನೇ ನೋಡಿದ. ಆ ನೋಟವನ್ನು ನಾನು ಕನಿಕರ ಎಂದುಕೊಂಡೆ. ಮತ್ತೆ ಒರೆಸತೊಡಗಿದ. “ಆತು. ಒಂದ ವಾರ ಕೊಡು,” ಎಂದ. ವಾರದೊಳಗೆ ತನ್ನ ಮೋಟರ್‌ಸೈಕಲ್ ಮಾರಿ, ಇನ್ನೆಲ್ಲೋ ಕೂಡಿಸಿ, ನನ್ನ ಪಾಲನ್ನು ಪೂರ್ತಿ ಕೊಟ್ಟ. ನಾನು ಬಸ್ಸು ಹತ್ತುವವರೆಗೆ ಜೊತೆಗೆ ನಡೆದುಬಂದ. ಅಪ್ಪನಿಗೆ ಉಪ್ಪು ಕಡಿಮೆ ಮಾಡಲು ಹೇಳು ಎಂದ.

ಅದಾಗಿ ನಾಲ್ಕು ದಿನಕ್ಕೆ ನಾನು ಏಜೆನ್ಸಿಯ ಕಾಗದಪತ್ರಕ್ಕೆಂದು ಕೊಪ್ಪಳಕ್ಕೆ ಹೋಗಿದ್ದೆ. ಸಂಜೆ ಮನೆಗೆ ಬಂದರೆ ಮೇಜಿನ ಮೇಲೆ ಒಂದು ಚೀಲ ಮೋಸಂಬಿ.

“ನಿನ್ನ ಗಂಗಾವತಿ ಗೆಳೆಯಾ ಬಂದಿದ್ದಪಾ,” ಎಂದ ಅಪ್ಪ. “ನಾ ತೊಗರಿ ಚೀಲ ಇಳಸಾಕತ್ತಿದ್ದೆ, ಬಂದು ನಿಂತ. ಹಣ್ಣು ಕೊಟ್ಟ. ಹೆಂಗದೀರಿ ಅಂದ. ಛಲೋ ಅದೀನಿ, ನನಗೇನಾಗೈತಿ ಅಂದೆ. ತಾನೂ ಎರಡು ಚೀಲ ಇಳಿಸಿ ಕೊಟ್ಟು, ಚಹಾ ಸುದ್ದಾ ಕುಡೀಲಾರ್ದ ಹೋದ. ಭಾಳ ಒಳ್ಳೇ ಹುಡುಗ.”

ಮೋಸಂಬಿ ಎಂಬ ಹಣ್ಣಿನ ಹೆಸರಲ್ಲೇ ಮೋಸ ಇದೆ. ಮೋಸ ಮಾಡಿದ್ದು ಮಾತ್ರ ಹಣ್ಣಲ್ಲ. ಅಪ್ಪ ಸುಲಿದು ಕೊಟ್ಟ ತೊಳೆಗಳನ್ನು ನಾನು ತಿಂದೆ. ಸಿಹಿಯಾಗಿಯೇ ಇದ್ದವು. ನಾಲಿಗೆಗೆ ನಾಚಿಕೆ ಇರುವುದಿಲ್ಲ.

ಅವತ್ತು ಫೋನು ಮಾಡಬೇಕಿತ್ತು. ನಾಳೆ ಮಾಡುತ್ತೇನೆ ಎಂದುಕೊಂಡೆ. ಅವನಿಂದಲೂ ಫೋನು ಬರಲಿಲ್ಲ.

ಮಳೆಗಾಲ ಮುಗಿಯುವ ಹೊತ್ತಿಗೆ ಕುಷ್ಟಗಿಯಲ್ಲಿ ಅಕ್ಕಿ ಲಾರಿ ಖಾಲಿ ಮಾಡುತ್ತಿದ್ದ ಯಮನೂರಪ್ಪ ಸಿಕ್ಕ. ನನ್ನ ಹೊಸ ಅಂಗಡಿಯನ್ನು ಮೇಲಿನಿಂದ ಕೆಳಗೆ ನೋಡಿ ಖುಷಿಪಟ್ಟ. ನಾನೇ ಕೇಳಿದೆ.

“ಹರಗೋಲ ಹೆಂಗ ನಡದೈತಿ?”

“ಎದುರಿನ ಅಂಗಡ್ಯಾಗೂ ಬಂತಲ್ರಿ ಧಣಿ. ದೊಡ್ಡ ಟಿವಿ, ತಂಪು ಗಾಳಿ ಮಿಷನ್. ಮಂದೆಲ್ಲಾ ಅಲ್ಲೇ.” ಸ್ವಲ್ಪ ಹೊತ್ತು ಹೆಗಲ ಮೇಲಿನ ವಲ್ಲಿ ಸರಿಮಾಡಿಕೊಂಡ. “ನಾನೂ ಅಲ್ಲೇ ಹೋಗ್ತೀನ್ರಿ. ಜೋಡಿ ಬೇಕಲ್ರಿ ಆಟಕ್ಕ. ಖಾಜಾಸಾಬ್ರು ಒಬ್ರ ಕುಂತಿರ್ತಾರ. ನನ್ನ ಕಂಡ್ರ ಕೈ ಎತ್ತತಾರ. ನಾ ತಲಿ ಬಗ್ಗಿಸಿಕೊಂಡು ಹೋಗ್ತೀನಿ.”

ಅವನ ಕಣ್ಣಲ್ಲಿ ನಾಚಿಕೆ ಇತ್ತು. ಆ ಬಡವ ತಾನು ಬೇರೆ ಅಂಗಡಿಯಲ್ಲಿ ಆಡಿದ್ದಕ್ಕೆ ಅಷ್ಟು ಸಂಕಟಪಡುತ್ತಿದ್ದ. ನಾನು ಅವನಿಗೆ ಚಹಾ ತರಿಸಿದೆ. “ಇರಲಿ ಬಿಡು, ವ್ಯಾಪಾರ ಅಂದ್ರ ಹಂಗ,” ಎಂದು ಸಮಾಧಾನ ಬೇರೆ ಹೇಳಿದೆ!

ಕೆಲವು ತಿಂಗಳಿಗೆ ಅಂಗಡಿ ಮುಚ್ಚಿತಂತೆ. ಖಾಜಾ ಹೈದರಾಬಾದಿಗೆ ಹೋದನಂತೆ. ಆಮೇಲೆ ಬಂದನಂತೆ. ‘ಅಂತೆ’ಗಳಲ್ಲೇ ನಾನು ಅವನ ಯೋಗಕ್ಷೇಮ ತಿಳಿದುಕೊಂಡದ್ದು. ವ್ಯಾಪಾರದ ಮೇಲೆ ಗಂಗಾವತಿಗೆ ವಾರಕ್ಕೊಮ್ಮೆ ಹೋಗುತ್ತಿದ್ದೆ. ಬಸ್ ನಿಲ್ದಾಣದ ಹಿಂದಿನ ಓಣಿಯನ್ನು ಬಿಟ್ಟು ಸುತ್ತು ಹಾಕಿ ನಡೆಯುತ್ತಿದ್ದೆ. ವ್ಯಾಯಾಮಕ್ಕೆ ಒಳ್ಳೆಯದೆಂದು ಹೆಂಡತಿಗೆ ಹೇಳಿದ್ದೆ.

ಈ ಬೇಸಿಗೆಯಲ್ಲಿ ಓಣಿ ನನ್ನನ್ನು ಹಿಡಿಯಿತು. ತೋಟಕ್ಕೆ ಹೊತ್ತು ಹೊತ್ತಿಗೆ ನೀರು ಬಿಡುವ ಟೈಮರ್ ಪೆಟ್ಟಿಗೆಗಳನ್ನು ನಾನು ಮಾರಿದ್ದೆ. ಕರೆಂಟು ಏರುಪೇರಾಗಿ ಒಂದೇ ವಾರದಲ್ಲಿ ಎಂಟು ಸುಟ್ಟವು. ಗಿಡದಲ್ಲಿ ಕಾಯಿ ಇದ್ದ ಹೊತ್ತು. ಮಾಡಿದ ಕಂಪನಿಯವರು ಹೊಸದು ಬರಲು ಎರಡು ತಿಂಗಳು ಎಂದರು. ರೈತರು ಬಂದು ಅಂಗಡಿಯಲ್ಲಿ ಕೂತರು. ಕೊಪ್ಪಳ, ಯಲಬುರ್ಗಾ ಎಲ್ಲ ಕಡೆ ವಿಚಾರಿಸಿದೆ. ಎಲ್ಲರದೂ ಒಂದೇ ಉತ್ತರ: “ಗಂಗಾವತ್ಯಾಗ ಒಬ್ಬ ಅದಾನ್ರಿ. ಅವ ಮುಟ್ಟಿದ್ರ ಎದ್ದು ಕುಂದ್ರತಾವ.” ಹೆಸರು ಕೇಳುವ ಅಗತ್ಯವಿರಲಿಲ್ಲ.

ಅದೇ ದರ್ಜಿ ಅಂಗಡಿ. ಗೋಡೆ ತುಂಬ ಬೋರ್ಡುಗಳು, ಪ್ರತಿಯೊಂದಕ್ಕೂ ಚೀಟಿ. ಬಟ್ಟೆಯ ಮೇಜಿನ ಹಿಂದೆ ಖಾಜಾ, ಕನ್ನಡಕ ಬಂದಿದೆ, ಗಡ್ಡದಲ್ಲಿ ಬಿಳಿ. ತಲೆಯೆತ್ತಿದ. ಬೈಯುತ್ತಾನೆ ಎಂದು ಬಸ್ಸಿನುದ್ದಕ್ಕೂ ತಯಾರಾಗಿ ಬಂದಿದ್ದೆ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

“ಬರ್ರಿ,” ಎಂದ. “ಕೂಡ್ರಿ. ಏನಾಗೈತ್ರಿ?”

ನನ್ನನ್ನು ಅವನು ‘ಲೇ’ ಬಿಟ್ಟು ಬೇರೆ ಕರೆದವನಲ್ಲ. ನಮ್ಮ ಕಡೆ ‘ರಿ’ ಹಚ್ಚದೆ ಯಾರೂ ಮಾತಾಡುವುದಿಲ್ಲ, ಎಮ್ಮೆ ಕೊಳ್ಳುವಾಗಲೂ ಹಚ್ಚುತ್ತೇವೆ. ಆದರೆ ಆ ಒಂದು ಅಕ್ಷರ ಕಪಾಳಕ್ಕೆ ಹೊಡೆದದ್ದು ನನಗೆ ಅದೇ ಮೊದಲು. ‘ಲೇ ಖಾಜಾ’ ಅನ್ನಲು ಹೊರಟವನು ಚೀಲದಿಂದ ಪೆಟ್ಟಿಗೆಗಳನ್ನು ತೆಗೆದಿಟ್ಟೆ. ಅವನು ಒಂದರ ಮೇಲೆ ಕೈಯಿಟ್ಟು ಸುಮ್ಮನಿದ್ದ, ಆಮೇಲೆ ಬಿಚ್ಚಿದ. ಒಂದು ತಾಸು ನಾನು ಗೋಡೆಯ ಚೀಟಿಗಳನ್ನು ಓದುತ್ತ ಕೂತೆ. ಕೊನೆಗೆ ತಡೆಯಲಾಗಲಿಲ್ಲ.

“ಖಾಜಾ, ಆವತ್ತು ನಾ ನಿನಗ ಹೇಳಬೇಕಾಗಿತ್ತು. ಆ ಆಟ ಎಲ್ಲಾರಿಗೂ ಬರತೈತಿ ಅನ್ನೂದು ನನಗ ಗೊತ್ತಿತ್ತು.”

ಅವನು ಬೆಸುಗೆಯ ಕಡ್ಡಿಯಿಂದ ಕಣ್ಣು ತೆಗೆಯಲಿಲ್ಲ. “ನನಗೂ ಗೊತ್ತಿತ್ರಿ. ಹೈದರಾಬಾದಿನ ವ್ಯಾಪಾರಿ ಫೋನ್ ಮಾಡಿ ಹೇಳಿದ್ದ, ನೀವು ಬರೂ ಹಿಂದಿನ ದಿನ.”

“ಗೊತ್ತಿದ್ದೂ ತಗೊಂಡೀ?”

“ನೀವು ಹೇಳ್ತೀರಿ ಅಂತ ಮಾಡಿದ್ದೆ. ಹೇಳಿದ್ರ, ಇಬ್ರೂ ಕೂಡಿ ಮುಚ್ಚಿ ರಿಪೇರಿ ಅಂಗಡಿ ಹಾಕೂಣು ಅಂತಿದ್ದೆ.” ಬೆಸುಗೆಯ ಹೊಗೆಯನ್ನು ಊದಿ ಸರಿಸಿದ. “ನೀವು ಅಪ್ಪನ ಹೆಸರು ತಗೊಂಡ್ರಿ. ನನ್ನಪ್ಪ ಸಾಯೂ ಮುಂದ ಎದಿ ನೋವು ಅಂತಿದ್ದ, ನಾವು ವಾಯು ಅಂತ ಬಿಟ್ವಿ. ನಿಮ್ಮ ಮಾತು ಖರೇ ಇದ್ರ ಅಂತ ಅಂಜಿದೆ ನಾ. ರೊಕ್ಕಾ ಕೊಟ್ಟೆ.”

“ಆಮ್ಯಾಲೆ ಕುಷ್ಟಗಿಗೆ ಬಂದಿದ್ದೆಲ್ಲಾ, ಆವತ್ತು…”

“ಹೂಂ. ನಿಮ್ಮ ತಂದಿಯವರು ಛಲೋ ಇದ್ರು. ಅದೊಂದು ಸಮಾಧಾನ ಆತು.”

ಅವನು ಅದನ್ನು ಕುಟುಕಲು ಹೇಳಲಿಲ್ಲ. ನಿಜವಾಗಿಯೂ ಸಮಾಧಾನವಾಗಿತ್ತು ಎಂಬುದು ದನಿಯಲ್ಲಿತ್ತು. ಅದಕ್ಕೇ ನನಗೆ ಕೂತಲ್ಲಿ ಕೂರಲಾಗಲಿಲ್ಲ.

ಆಗ ನಾನು ಏನು ಮಾಡಿದೆ ಗೊತ್ತೇ? ಕಾಲು ಹಿಡಿಯಲಿಲ್ಲ. ಅತ್ತು ಹಗುರಾಗಲಿಲ್ಲ. ವ್ಯಾಪಾರ ಮಾತಾಡಿದೆ. ಏನಾದರೂ ಕೊಟ್ಟು ತೀರಿಸಬೇಕೆಂಬ ಅವಸರವೋ, ಹುಟ್ಟುಗುಣವೋ.

“ನೋಡು, ಇನ್ಮ್ಯಾಲೆ ನನ್ನ ಅಂಗಡೀದು ಅಷ್ಟೂ ರಿಪೇರಿ ನಿನಗ. ನೀ ಬ್ಯಾರೆ ಪೈಪಿನ ಅಂಗಡಿಯವರದು ಮಾಡಬ್ಯಾಡ. ನನಗೊಬ್ಬನಿಗೇ ಮಾಡು. ರೈತರೆಲ್ಲಾ ನಮ್ಮ ಕಡೇನ ಬರ್ತಾರ. ಲಾಭದಾಗ ಅರ್ಧ ನಿಂದು.”

ಖಾಜಾ ಮೊದಲ ಸಲ ನಕ್ಕ. ಹಳೆಯ ನಗುವಲ್ಲ, ಅಂಗಡಿಯವನು ಗಿರಾಕಿಗೆ ನಗುವ ನಗು.

“ಯಾರು ತಂದ್ರೂ ಮಾಡಿ ಕೊಡ್ತೀನ್ರಿ. ಒಬ್ರಿಗೇ ಅಂತ ಇಟ್ಟುಕೊಂಡಿಲ್ಲ.”

ಎಂಟು ಪೆಟ್ಟಿಗೆಗಳೂ ಎದ್ದು ಕೂತವು. ಬೇರೆಯವರಿಗೆ ಹೇಳುವಷ್ಟೇ ಕೂಲಿ ಹೇಳಿದ, ಒಂದು ರೂಪಾಯಿ ಹೆಚ್ಚಿಲ್ಲ, ಕಡಿಮೆಯಿಲ್ಲ. ಕುಷ್ಟಗಿಯ ದಾಳಿಂಬೆಗೆ ನೀರು ಹೋಯಿತು. ರೈತರು ನನ್ನನ್ನು ಹೊಗಳಿದರು.

ಈಗ ಪೆಟ್ಟಿಗೆ ಕೆಟ್ಟರೆ ನಾನು ಹೋಗುವುದಿಲ್ಲ. ಬೆಳಗಿನ ಗಂಗಾವತಿ ಬಸ್ಸಿನ ಕಂಡಕ್ಟರನ ಕೈಯಲ್ಲಿ ಕಳಿಸುತ್ತೇನೆ. ಎರಡು ದಿನಕ್ಕೆ ಅದೇ ಬಸ್ಸಿನಲ್ಲಿ ರಿಪೇರಿಯಾಗಿ ಬರುತ್ತದೆ, ಹಳೆಯ ಪತ್ರಿಕೆಯಲ್ಲಿ ಅಚ್ಚುಕಟ್ಟಾಗಿ ಸುತ್ತಿ, ದಾರ ಕಟ್ಟಿ. ಮೇಲೆ ದುಂಡನೆಯ ಅಕ್ಷರದಲ್ಲಿ ವಿಳಾಸ ಬರೆದಿರುತ್ತಾನೆ: ಶ್ರೀ ಚನ್ನಬಸಪ್ಪನವರಿಗೆ, ಕುಷ್ಟಗಿ.